ಪೂರ್ತಿ ಮಾಹಿತಿ ಇಲ್ಲದಾಗ ಬಿತ್ತನೆ ತಳಿಯನ್ನು ಆರಿಸುವ ಬಗೆ

ಬೀಜದ ಚೀಲದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಇಳುವರಿಯ ಅಂಕಿ ತಳಿಯ ಆಯ್ಕೆಗೆ ಅಷ್ಟಾಗಿ ನೆರವಾಗುವುದಿಲ್ಲ. ನೀರು, ಗೊಬ್ಬರ, ಔಷಧಗಳೆಲ್ಲ ಹೊತ್ತಿಗೆ ಸರಿಯಾಗಿ ಸಿಕ್ಕ ತಾಕಿನ ಫಸಲು ಸಾಮಾನ್ಯವಾಗಿ ಅಲ್ಲಿ ಅಂಕಿಯಾಗಿರುತ್ತದೆ. ನಿಮ್ಮ ಹೊಲದಲ್ಲಿ ಬೆಳೆ ಹೆಚ್ಚಾಗಿ ಯಾವ ಹಂತದಲ್ಲಿ ಕೈಕೊಡುತ್ತದೆ ಎಂಬುದನ್ನು ಮೊದಲು ನೆನಪಿಸಿಕೊಳ್ಳಿ. ಅದು ನಿಮಗಲ್ಲದೆ ಬೇರೆ ಯಾರಿಗೂ ಅಷ್ಟು ಚೆನ್ನಾಗಿ ತಿಳಿದಿರುವುದಿಲ್ಲ.

ಆಯ್ಕೆಯು ತಳಿಯ ಅವಧಿಯಿಂದ, ಅಂದರೆ ಬಿತ್ತನೆಯಿಂದ ಕೊಯ್ಲಿನವರೆಗೆ ಹಿಡಿಯುವ ದಿನಗಳ ಲೆಕ್ಕದಿಂದ, ಶುರುವಾಗಲಿ. ಮಣ್ಣಿನ ತೇವ 100 ದಿನ ಮಾತ್ರ ಉಳಿಯುವ ಹೊಲಕ್ಕೆ 130 ದಿನದ ತಳಿಯನ್ನು ಬಿತ್ತಿದರೆ, ಕಾಳು ಕಟ್ಟುವ ಹೊತ್ತಿಗೆ ನೀರು ಸಾಲದೆ, ತೆನೆ ಎಷ್ಟೇ ಉದ್ದವಾಗಿದ್ದರೂ ಜೊಳ್ಳು ಹೆಚ್ಚುತ್ತದೆ. ಹಗಲಿನ ಉದ್ದವನ್ನು ಅವಲಂಬಿಸಿ ಹೂ ಬಿಡುವ ತಳಿಗಳಲ್ಲಿ ಬಿತ್ತನೆಯ ದಿನ ಸರಿದರೆ ಅವಧಿಯೂ ಬದಲಾಗುತ್ತದೆ. ಅವಧಿ ಹೊಂದದವುಗಳನ್ನು ಕೈಬಿಟ್ಟ ಮೇಲೆ, ನಿಮ್ಮಲ್ಲಿ ಮರುಕಳಿಸುವ ರೋಗವನ್ನು ತಡೆಯದವು, ಗಾಳಿಗೆ ನೆಲಕ್ಕೊರಗುವವು, ಮೇವು ಬೇಕಿದ್ದರೆ ಹುಲ್ಲು ಕಡಿಮೆ ಕೊಡುವವು ತಾವಾಗಿಯೇ ಪಟ್ಟಿಯಿಂದ ಹೊರಬೀಳುತ್ತವೆ.

ಉಳಿದ ಎರಡು ಮೂರು ತಳಿಗಳ ಬಗ್ಗೆ, ನಿಮ್ಮಂಥದೇ ಮಣ್ಣು ಮತ್ತು ನೀರು ಇರುವವರನ್ನು ವಿಚಾರಿಸಿ. ಎಷ್ಟು ಬಂತು ಎಂದಷ್ಟೇ ಕೇಳಿದರೆ ಒಳ್ಳೆಯ ವರ್ಷದ ಲೆಕ್ಕ ಸಿಗುತ್ತದೆ. ಮಳೆ ತಡವಾದ ವರ್ಷ ಏನಾಯಿತು, ಮರುವರ್ಷ ಅದನ್ನೇ ಬಿತ್ತಿದಿರಾ, ಬಿಟ್ಟಿದ್ದರೆ ಏಕೆ ಎಂದು ಕೇಳಿ. ಬೆಳೆದು ಬಿಟ್ಟವರ ಮಾತು ಹೊಗಳುವವರ ಮಾತಿಗಿಂತ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಮಾರುವವರ ಸಲಹೆಯನ್ನೂ ಕೇಳಬಹುದು, ಆದರೆ ಅಂಗಡಿಯಲ್ಲಿ ಉಳಿದಿರುವ ದಾಸ್ತಾನಿನ ಚಿಂತೆಯೂ ಅದರಲ್ಲಿ ಬೆರೆತಿರಬಹುದು.

ಹೊಸ ತಳಿಯನ್ನು ಇಡೀ ಹೊಲಕ್ಕೆ ಹಾಕಬೇಡಿ. ಹಳೆಯದರ ಪಕ್ಕದಲ್ಲೇ ಕೆಲವು ಸಾಲುಗಳನ್ನು ಅದೇ ದಿನ, ಅಷ್ಟೇ ಗೊಬ್ಬರ ಕೊಟ್ಟು ಬಿತ್ತಿ; ಹೊಲದ ಮಣ್ಣು ಒಂದೇ ಸಮನಾಗಿರುವುದು ಅಪರೂಪವಾದ್ದರಿಂದ ಇದನ್ನು ಎರಡು ಮೂರು ಕಡೆ ಮಾಡುವುದು ಲೇಸು. ಕೊಯ್ಲಿನಲ್ಲಿ ಬದುವಿನ ಅಂಚಿನ ಸಾಲುಗಳನ್ನು ಬಿಡಬೇಕು, ಏಕೆಂದರೆ ಬಿಸಿಲು ಮತ್ತು ಜಾಗ ಹೆಚ್ಚು ಸಿಗುವ ಆ ಗಿಡಗಳು ಹುಸಿ ಭರವಸೆ ಹುಟ್ಟಿಸುತ್ತವೆ. ಒಳಗಡೆ 5 ಮೀಟರ್ ಉದ್ದ, 2 ಮೀಟರ್ ಅಗಲದ ಜಾಗವನ್ನು ಅಳೆದು ಕೊಯ್ದು, ಒಕ್ಕಿ, ಒಣಗಿಸಿ ತೂಗಿ. 3 ಕಿಲೋ ಬಂದರೆ ಹೆಕ್ಟೇರಿಗೆ ಸುಮಾರು 30 ಕ್ವಿಂಟಾಲ್ ಎಂದರ್ಥ. ಒಂದೇ ವರ್ಷದ ತೂಕವನ್ನು ನಂಬಿ ಹಳೆಯ ತಳಿಯನ್ನು ಪೂರ್ತಿ ಬಿಡುವುದು ಅವಸರವಾಗುತ್ತದೆ.

ತಳಿ ಯಾವುದೇ ಇರಲಿ, ಬಿತ್ತುವ ಮೊದಲು 100 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಣಗದಂತೆ ನೆರಳಿನಲ್ಲಿಡಿ; ಬಹುತೇಕ ಧಾನ್ಯಗಳಿಗೆ ಒಂದು ವಾರ ಸಾಕು. ಬೇರು ಮತ್ತು ಚಿಗುರು ಎರಡೂ ಸರಿಯಾಗಿ ಮೂಡಿದವನ್ನು ಮಾತ್ರ ಎಣಿಸಿ. 85 ಮೊಳೆಯಬೇಕಾದ ಕಡೆ 70 ಮೊಳೆತರೆ, ಬಿತ್ತನೆ ಪ್ರಮಾಣವನ್ನು ಐದನೇ ಒಂದು ಪಾಲಿನಷ್ಟು ಹೆಚ್ಚಿಸಬೇಕಾಗುತ್ತದೆ.

ಹೈಬ್ರಿಡ್ ಬೆಳೆಯಿಂದ ತೆಗೆದಿಟ್ಟ ಬೀಜದಲ್ಲಿ ಗಿಡಗಳು ಒಂದೇ ತೆರನಾಗಿ ಬರುವುದಿಲ್ಲ, ಇಳುವರಿಯೂ ಸಾಮಾನ್ಯವಾಗಿ ಇಳಿಯುತ್ತದೆ. ಹಾಗಾಗಿ ಪ್ರತಿ ಹಂಗಾಮಿಗೂ ಬೀಜ ಕೊಳ್ಳುವ ಖರ್ಚನ್ನು ಹೋಲಿಕೆಯಲ್ಲಿ ಸೇರಿಸಿಕೊಳ್ಳಿ. ಕೊಂಡ ಬೀಜದ ರಸೀದಿ, ಚೀಲದ ಚೀಟಿ ಮತ್ತು ಒಂದು ಹಿಡಿ ಬೀಜವನ್ನು ಕೊಯ್ಲು ಮುಗಿಯುವವರೆಗೆ ತೆಗೆದಿರಿಸಿದರೆ, ಬೀಜದಲ್ಲಿ ದೋಷ ಕಂಡಾಗ ದೂರು ಕೊಡಲು ಆಧಾರವಿರುತ್ತದೆ.