ಗುಳೇದಗುಡ್ಡದ ಒತ್ತು ಕಾಣದ ಫೋನು

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆ. ಅಲ್ಲಿಂದಲೇ ಬೆಂಗಳೂರಿನ ಒಂದು ತಂಡಕ್ಕೆ ಆ್ಯಪ್ ಟೆಸ್ಟಿಂಗ್ ಮಾಡುತ್ತೇನೆ. ಗೋಡೆಯ ಹಲಗೆ ಮೇಲೆ ಒಂಬತ್ತು ಆಂಡ್ರಾಯ್ಡ್ ಫೋನುಗಳನ್ನು ಸಾಲಾಗಿ ಇಟ್ಟುಕೊಂಡಿದ್ದೇನೆ. ಹೆಚ್ಚಿನವು ಸೆಕೆಂಡ್ ಹ್ಯಾಂಡ್. ಒಂದರ ಗಾಜು ಒಡೆದಿದೆ, ಆದರೂ ಅದು ನನಗೆ ಬೇಕು, ಯಾಕಂದ್ರೆ ಅಷ್ಟು ಕಡಿಮೆ ರ‍್ಯಾಮ್ ಇರುವ ಫೋನು ಈಗ ಸಿಗೋದು ಕಷ್ಟ.

ಕಳೆದ ವರ್ಷ ನಾವು ನೇಕಾರರು ಕೂಲಿ ಲೆಕ್ಕ ಇಟ್ಟುಕೊಳ್ಳುವ ಆ್ಯಪ್ ಮಾಡುತ್ತಿದ್ದೆವು. ಹಲಗೆಯ ಫೋನುಗಳಲ್ಲಿ ನೋಡಿದೆ. ಇಂಟರ್ನೆಟ್ ಮೂಲಕ ದೂರದಿಂದಲೇ ಬಳಸಲು ಬಾಡಿಗೆಗೆ ಸಿಗುವ ಕ್ಲೌಡ್ ಫೋನುಗಳಲ್ಲೂ ನೋಡಿದೆ. ಎಲ್ಲಾ ಪಾಸ್. ನಂತರ ಗುಳೇದಗುಡ್ಡದಲ್ಲಿ ಖಣ ನೇಯುವ ನಮ್ಮ ಅತ್ತೆಗೆ ಕೊಟ್ಟೆ. ಮರುದಿನವೇ ಫೋನ್ ಬಂತು.

"ಏನೋ ತಮ್ಮಾ, ನಮ್ಮೂರು ಗುಳೇದಗುಡ ಯಾವಾಗ ಆತೋ?"

ಅವರು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ತಾಲೂಕಿನ ಪಟ್ಟಿಯಲ್ಲಿ ಡ-ಕಾರದ ಕೆಳಗಿನ ಒತ್ತು ಪೂರ್ತಿ ಕತ್ತರಿಸಿ ಹೋಗಿತ್ತು. ಅತ್ತೆಗೆ ಕಣ್ಣು ಸ್ವಲ್ಪ ಮಂಜು. ಅದಕ್ಕೇ ಅಕ್ಷರವನ್ನು ಅತಿ ದೊಡ್ಡದಕ್ಕೆ ಇಟ್ಟುಕೊಂಡಿದ್ದರು. ನಾನೂ ನನ್ನ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿ 'ಬಾಗಲಕೋಟೆ' ಆರಿಸಿದೆ. ಸರಿಯಾಗಿಯೇ ಇತ್ತು. 'ಬಾದಾಮಿ', ಅದೂ ಸರಿ. 'ಗುಳೇದಗುಡ್ಡ' ಆರಿಸಿದೆ. ಒತ್ತು ಮಾಯ.

ಆಗ ಹೊಳೆಯಿತು. ನಾನು ಪ್ರತಿ ಸಲ ಆರಿಸುತ್ತಿದ್ದದ್ದು ಜಿಲ್ಲೆಯ ಹಳೆಯ ಆರು ತಾಲೂಕುಗಳನ್ನು. ಬಾಗಲಕೋಟೆ, ಬಾದಾಮಿ, ಬೀಳಗಿ, ಹುನಗುಂದ, ಜಮಖಂಡಿ, ಮುಧೋಳ. ಒಮ್ಮೆ ಬರೆದು ನೋಡಿ. ಆರರಲ್ಲಿ ಒಂದಕ್ಕೂ ಒತ್ತಕ್ಷರ ಇಲ್ಲ! ಒತ್ತು ಇರುವುದು ಹೊಸ ತಾಲೂಕುಗಳಾದ ಗುಳೇದಗುಡ್ಡ ಮತ್ತು ರಬಕವಿ-ಬನಹಟ್ಟಿಯ ಹೆಸರಲ್ಲಿ. ಈ ತಾಲೂಕುಗಳಲ್ಲಿ ನೇಕಾರರು ಜಾಸ್ತಿ. ಯಾರಿಗಾಗಿ ಆ್ಯಪ್ ಮಾಡಿದ್ದೆವೋ ಅವರ ಊರಿನ ಹೆಸರೇ ತಪ್ಪಾಗಿ ಕಾಣುತ್ತಿತ್ತು. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಕಾರಣ ಸಣ್ಣದು. ಆ ಸಾಲಿನ ಎತ್ತರವನ್ನು ಯಾರೋ 24 ಡಿಪಿ ಎಂದು ಕಟ್ಟಿಹಾಕಿದ್ದರು. ಅಕ್ಷರದ ಅಳತೆ ಎಸ್‌ಪಿಯಲ್ಲಿತ್ತು. ಎರಡೂ ಆಂಡ್ರಾಯ್ಡ್ ಪರದೆಯ ಅಳತೆಯ ಮಾನಗಳು. ಬಳಸುವವರು ಅಕ್ಷರ ದೊಡ್ಡದು ಮಾಡಿದರೆ ಎಸ್‌ಪಿ ಬೆಳೆಯುತ್ತದೆ, ಡಿಪಿ ಬೆಳೆಯುವುದಿಲ್ಲ. ಇಂಗ್ಲಿಷ್ ಅಕ್ಷರ ಹೇಗೋ ಹೊಂದಿಕೊಳ್ಳುತ್ತದೆ. ಕನ್ನಡಕ್ಕೆ ಕೆಳಗೂ ಜಾಗ ಬೇಕು, ಅಲ್ವಾ? ಎತ್ತರವನ್ನು ಬಿಡಿಸಿ, ಅಕ್ಷರದ ಜೊತೆ ಬೆಳೆಯುವಂತೆ ಮಾಡಿದರು. ಐದು ನಿಮಿಷದ ಕೆಲಸ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ವಿಷಯ. ಅಪ್ಪಿಯಮ್ ಎಂಬ ಸಾಧನದಲ್ಲಿ ನಾನು ಬರೆದ ಆಟೊಮೇಷನ್, ಅಂದರೆ ತಾನಾಗಿಯೇ ಟೆಸ್ಟ್ ಮಾಡುವ ಸ್ಕ್ರಿಪ್ಟ್, ಆ ದಿನವೂ ಪಾಸ್ ಎಂದೇ ಹೇಳುತ್ತಿತ್ತು. ಅದು ಪರದೆಯನ್ನು ಕಣ್ಣಿಂದ ನೋಡುವುದಿಲ್ಲ. ಪರದೆಯ ಹಿಂದಿರುವ ಪಠ್ಯವನ್ನು ಓದುತ್ತದೆ. ಅಲ್ಲಿ 'ಗುಳೇದಗುಡ್ಡ' ಪೂರ್ತಿಯಾಗಿಯೇ ಇತ್ತು. ಹಾಗಾಗಿ ಈಗ ಸ್ಕ್ರಿಪ್ಟ್ ಚಿತ್ರಗಳನ್ನೂ ತೆಗೆಯುತ್ತದೆ. ನಾಲ್ಕು ಮುಖ್ಯ ಪರದೆ, ಒಂಬತ್ತು ಫೋನು, ಮೂರು ಅಕ್ಷರದ ಅಳತೆ. ಒಟ್ಟು 108 ಚಿತ್ರ. ಟೀ ಕುಡಿಯುತ್ತಾ ಒಂದೊಂದನ್ನೇ ನಾನೇ ನೋಡುತ್ತೇನೆ. ಅರ್ಧ ಗಂಟೆ ಸಾಕು.

ಚಿತ್ರವನ್ನು ಫೋನಿನಲ್ಲೇ ತೆಗೆಸಬೇಕು. ದೂರದ ಫೋನನ್ನು ಲ್ಯಾಪ್‌ಟಾಪಿನಲ್ಲಿ ನೋಡುವಾಗ ನಮಗೆ ಕಾಣುವುದು ವಿಡಿಯೊ. ನೆಟ್ ನಿಧಾನವಾದರೆ ಅದು ಮಸುಕಾಗುತ್ತದೆ. ಮಸುಕಾದ ವಿಡಿಯೊದಲ್ಲಿ ಒತ್ತು ಇದೆಯೋ ಇಲ್ಲವೋ ತಿಳಿಯುವುದೇ ಇಲ್ಲ.

ಹಲಗೆಯ ಫೋನುಗಳನ್ನು ಬೆಂಗಳೂರಿನವರೂ ಬಳಸುತ್ತಾರೆ. ವಿಪಿಎನ್ ಎಂಬ ಖಾಸಗಿ ಸಂಪರ್ಕದ ಮೂಲಕ ನನ್ನ ಲ್ಯಾಪ್‌ಟಾಪಿಗೆ ಬಂದು, ಕಂಪ್ಯೂಟರಿನಿಂದ ಫೋನನ್ನು ನಡೆಸುವ ಎಡಿಬಿ ಎಂಬ ಸಾಧನದಲ್ಲಿ ಫೋನು ಹಿಡಿದು, ಎಸ್‌ಸಿಆರ್‌ಸಿಪಿವೈ ಎಂಬ ಉಚಿತ ಸಾಧನದಿಂದ ಪರದೆ ನೋಡುತ್ತಾರೆ. ಆಂಡ್ರಾಯ್ಡ್ 11 ಮತ್ತು ನಂತರದವುಗಳಿಗೆ ಕೇಬಲ್ ಬೇಡ, ವೈಫೈನಲ್ಲೇ ಕೋಡ್ ಹಾಕಿ ಜೋಡಿಸಬಹುದು. ಹಳೆಯವುಗಳಿಗೆ ಮೊದಲು ಕೇಬಲ್ ಹಾಕಿ 5555 ಪೋರ್ಟ್ ತೆರೆಯಬೇಕು. ಆ ಪೋರ್ಟನ್ನು ಮಾತ್ರ ಯಾವ ಕಾರಣಕ್ಕೂ ನೇರ ಇಂಟರ್ನೆಟ್ಟಿಗೆ ಬಿಡಬೇಡಿ. ಫೋನನ್ನು ಬೇರೆಯವರ ಕೈಗೆ ಕೊಟ್ಟ ಹಾಗೆಯೇ.

ಕರೆಂಟ್ ಹೋದಾಗ ಫೋನುಗಳು ಬ್ಯಾಟರಿಯಲ್ಲಿ ನಡೆಯುತ್ತವೆ, ರೌಟರ್ ಆರಿಹೋಗುತ್ತದೆ. ಅದಕ್ಕೊಂದು ಸಣ್ಣ ಯುಪಿಎಸ್ ಹಾಕಿದೆ. ಇನ್ನೊಂದು ವಿಷಯ, ಫೋನುಗಳನ್ನು ದಿನವಿಡೀ ಚಾರ್ಜಿಗೆ ಇಡಬೇಡಿ. ಒಂದು ಬೇಸಿಗೆಯಲ್ಲಿ ಒಂದು ಫೋನಿನ ಹಿಂಬದಿ ಮುಚ್ಚಳ ಉಬ್ಬಿ, ಅಂಚಿನಲ್ಲಿ ಉಗುರು ತೂರುವಷ್ಟು ಸಂದು ಬಿಟ್ಟಿತ್ತು. ಬ್ಯಾಟರಿ ಊದಿಕೊಂಡಿತ್ತು. ಆಗಿನಿಂದ ಟೈಮರ್ ಪ್ಲಗ್ ಹಾಕಿದ್ದೇನೆ.

ಐಫೋನು ನನ್ನ ಹತ್ತಿರ ಇಲ್ಲ. ಅದನ್ನು ಕ್ಲೌಡಿನಲ್ಲೇ ನೋಡುತ್ತೇನೆ. ಆಂಡ್ರಾಯ್ಡಿನ ಕ್ರೋಮ್‌ನಲ್ಲಿ ನೋಡಿದ್ದೇವಲ್ಲ ಎಂದು ಐಫೋನಿನ ಕ್ರೋಮ್ ಬಿಡಬೇಡಿ. ನಮ್ಮ ದೇಶದಲ್ಲಿ ಐಫೋನಿನ ಕ್ರೋಮ್ ಕೂಡ ಒಳಗೆ ಸಫಾರಿಯ ಎಂಜಿನ್ ಆದ ವೆಬ್‌ಕಿಟ್ ಮೇಲೆಯೇ ಓಡುತ್ತದೆ.

ಈಗ ಟೆಸ್ಟಿಗೆ ಬಳಸುವ ಹೆಸರುಗಳ ಪಟ್ಟಿಯನ್ನು ಹೊಸದಾಗಿ ಬರೆದಿದ್ದೇನೆ. 'ಗುಳೇದಗುಡ್ಡ' ಮೊದಲ ಸಾಲು. ಕಣ್ಣಿಗೆ ಐದೇ ಅಕ್ಷರ, ಆದರೆ ಯುನಿಕೋಡಿನಲ್ಲಿ ಅದು ಹತ್ತು. ಹೆಸರಿಗೆ ಇಷ್ಟೇ ಅಕ್ಷರ ಎಂದು ಮಿತಿ ಹಾಕುವ ಕಡೆ ಇದೂ ತೊಂದರೆ ಕೊಡುತ್ತದೆ. ಎಸ್‌ಎಂಎಸ್‌ನಲ್ಲೂ ಹಾಗೆಯೇ, ಇಂಗ್ಲಿಷಿಗೆ 160 ಅಕ್ಷರ ಹಿಡಿಸಿದರೆ ಕನ್ನಡಕ್ಕೆ 70. ನಂತರದ ಸಾಲುಗಳು ಬನಹಟ್ಟಿ, ವಸ್ತ್ರದ, ಲಕ್ಷ್ಮೀ. ಅತ್ತೆಯ ಫೋನಿನ ಸೆಟ್ಟಿಂಗ್ ಹೇಗಿದೆಯೋ ಹಾಗೆಯೇ ಹಲಗೆಯ ಮೂರನೇ ಫೋನನ್ನು ಇಟ್ಟಿದ್ದೇನೆ. ಅಕ್ಷರ ಅತಿ ದೊಡ್ಡದು, ಫೋಟೊ ತುಂಬಿ ಜಾಗ ಇಲ್ಲ, ಬ್ಯಾಟರಿ ಸೇವರ್ ಆನ್. ಹೊಸ ಆವೃತ್ತಿ ಬಂದರೆ ಮೊದಲು ಹಾಕುವುದು ಅದಕ್ಕೇ.