ಒಂದೇ ಕ್ಯಾನುಲಾ, ಎರಡು ಡೈ: ನನ್ನ ಅನುಭವ

ಡೈ ಇಲ್ಲದೆಯೇ ಕಣ್ಣಿನ ರಕ್ತನಾಳ ತೋರಿಸುವ ಸ್ಕ್ಯಾನ್, ಓಸಿಟಿ ಆಂಜಿಯೋ, ಬಂದಮೇಲೆ ನರಕ್ಕೆ ಡೈ ಹಾಕಿ ರೆಟಿನಾ (ಕಣ್ಣಿನ ಹಿಂಪರದೆ) ಫೋಟೊ ತೆಗೆಯುವ ಕಾಲ ಮುಗಿಯಿತು ಅಂತ ನಮ್ಮವರೇ ಹೇಳುತ್ತಿದ್ದರು. ಫ್ಲೋರೆಸೀನ್, ರೆಟಿನಾದ ಕೆಳಗಿನ ನಾಳಗಳನ್ನು ತೋರಿಸುವ ಐಸಿಜಿ (ಇಂಡೋಸಯನಿನ್ ಗ್ರೀನ್), ಈ ಎರಡೂ ಡೈಗಳನ್ನು ಒಂದೇ ಕ್ಯಾನುಲಾದಲ್ಲಿ (ನರಕ್ಕೆ ಹಾಕುವ ಸಣ್ಣ ಕೊಳವೆ) ಬೆನ್ನುಬೆನ್ನಿಗೆ ಕೊಡುತ್ತೇನೆ ಅಂದಾಗಂತೂ ಯಾರೂ ಒಪ್ಪಲಿಲ್ಲ. ಈಗ ಎಎಂಡಿ (ವಯಸ್ಸಾದಂತೆ ಮ್ಯಾಕುಲಾ, ಅಂದರೆ ರೆಟಿನಾದ ನಡುಭಾಗ, ಕೆಡುವ ರೋಗ) ರೋಗಿಗಳಲ್ಲೇ ನೂರೈವತ್ತರ ಹತ್ತಿರ ಆಗಿದೆ. ಅಂದು ಬೇಡ ಎಂದವರು ತಮ್ಮ ಬಿಡಿಸಲಾಗದ ಕೇಸುಗಳನ್ನು ಇಂದು ನನ್ನ ಕ್ಯಾಮೆರಾ ಮುಂದೆ ಕೂರಿಸುತ್ತಾರೆ.

ಶುರು ಮಾತ್ರ ಕೆಟ್ಟದಾಗಿತ್ತು. ಮೊದಲ ದಿನವೇ ಆತುರದಲ್ಲಿ ಐಸಿಜಿ ಪುಡಿಗೆ ಸಲೈನ್ ಹಾಕಿಬಿಟ್ಟೆ. ವಯಲನ್ನು ಬೆಳಕಿಗೆ ಹಿಡಿದರೆ ಗಾಜಿನ ಒಳಮೈಗೆ ಕಡುಹಸಿರು ಚೂರುಗಳು ಅಂಟಿಕೊಂಡಿದ್ದವು. 25 ಮಿ.ಗ್ರಾಂ. ಪೂರ್ತಿ ದಂಡ. ಸ್ಟೆರೈಲ್ ವಾಟರ್ ಬಿಟ್ಟು ಬೇರೇನನ್ನೂ ಆಮೇಲೆ ಮುಟ್ಟಿಲ್ಲ. ಎರಡನೇ ವಾರ ಅಂಗೈ ಹಿಂಬದಿಯ ಸಣ್ಣ ನರಕ್ಕೆ ಚುಚ್ಚಿದ್ದೆ. ಫ್ಲೋರೆಸೀನ್ ಹೊರಗೆ ಸೋರಿ ಅಜ್ಜಿಯೊಬ್ಬರ ಕೈ ಹಳದಿಯಾಗಿ ಊದಿಕೊಂಡಿತು. ಉರಿ ತಾಳದೆ ಅವರು ಅತ್ತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಈಗ ಮೊಣಕೈ ಮಡಿಕೆಯ ನರವೇ, ಅದೂ ಸಲೈನ್ ತಳ್ಳಿ ನೋಡಿದ ಮೇಲೆಯೇ.

ಮೂರು ತಿಂಗಳಲ್ಲಿ ಏಳೆಂಟು ಐಸಿಜಿ ವಯಲ್ ಹಾಳಾದವು. ಫ್ಲೋರೆಸೀನ್‌ಗಿಂತ ಹಲವು ಪಟ್ಟು ದುಬಾರಿ ಅದು. ರೋಗಿಯ ಬಿಲ್ಲಿಗೆ ಸೇರಿಸಲು ಮನಸ್ಸು ಬರಲಿಲ್ಲ, ಕೈಯಿಂದಲೇ ಹಾಕಿದೆ. ಅರ್ಧ ಡೋಸ್ ಕೊಟ್ಟರೂ ಕಾಸು ಉಳಿಯಲಿಲ್ಲ; ಕರಗಿಸಿದ್ದನ್ನು ನಾಳೆಗೆ ಇಡುವಂತಿಲ್ಲವಲ್ಲ.

ನಡುವೆ ಸೂಜಿಗೆ ಹೆದರುವವರಿಗೆ ಫ್ಲೋರೆಸೀನ್ ಕುಡಿಸಿಯೂ ನೋಡಿದೆ. ಅರ್ಧ ಗಂಟೆಗೆ ಊತ, ಸೋರಿಕೆ ಚೆನ್ನಾಗಿಯೇ ಕಂಡವು. ಆದರೆ ಡೈ ಮೊದಲು ನುಗ್ಗುವ ಹಂತವೇ ಸಿಗದ ಮೇಲೆ ರೆಟಿನಾ ಕೆಳಗೆ ಬೆಳೆದ ಹೊಸ ರಕ್ತನಾಳಗಳ ಪೊರೆ ಯಾವ ಜಾತಿಯದು ಅಂತ ಹೇಳುವುದು ಹೇಗೆ? ಕೈಬಿಟ್ಟೆ.

ಈಗ ಮೊದಲು ಐಸಿಜಿ, ಹಿಂದೆಯೇ ಸಲೈನ್, ತಕ್ಷಣ ಫ್ಲೋರೆಸೀನ್, ಮತ್ತೆ ಸಲೈನ್. ಸಿರಿಂಜಿನಲ್ಲಿ ಎರಡನ್ನೂ ಬೆರೆಸುವುದಿಲ್ಲ. ತಳ್ಳುವ ಮೊದಲೇ ರೆಕಾರ್ಡಿಂಗ್ ಶುರು. 10-15 ಸೆಕೆಂಡಿಗೆ ಡೈ ಕಣ್ಣಲ್ಲಿರುತ್ತದೆ. ಎಮರ್ಜೆನ್ಸಿ ಟ್ರೇ ಕೈಗೆಟುಕುವಲ್ಲಿ, ಐಯೋಡಿನ್ ಅಲರ್ಜಿ ಇದ್ದವರಿಗೆ ಐಸಿಜಿ ಇಲ್ಲವೇ ಇಲ್ಲ. ತಳ್ಳುವ ವೇಗದಲ್ಲಿ ನನ್ನದೊಂದು ಲೆಕ್ಕವಿದೆ, ಅದನ್ನು ಪಕ್ಕದಲ್ಲಿ ನಿಂತು ಕಲಿತವರಿಗಷ್ಟೇ ಕೊಡುತ್ತೇನೆ.

ನನ್ನ ಹಟ ಗೆದ್ದದ್ದು ಎಪ್ಪತ್ತರ ಆಸುಪಾಸಿನ ಒಬ್ಬರಲ್ಲಿ. ಕಣ್ಣಿಗೆ ಆರೋ ಏಳೋ ಇಂಜೆಕ್ಷನ್ ಆಗಿದ್ದರೂ ಮ್ಯಾಕುಲಾದ ಕೆಳಗಿನ ನೀರು ಇಂಗಿರಲಿಲ್ಲ. ಓಸಿಟಿ ಆಂಜಿಯೋದಲ್ಲಿ ರಕ್ತನಾಳಗಳ ಜಾಲ ಕಂಡಿತ್ತು, ಅಷ್ಟೇ. ಫ್ಲೋರೆಸೀನ್ ಚಾನೆಲ್‌ನಲ್ಲಿ (ಆ ಡೈಯ ಚಿತ್ರದಲ್ಲಿ) ಚುಕ್ಕಿಚುಕ್ಕಿಯಾಗಿ ಹರಡಿದ ಮಸುಕು ಹೊಳಪು, ಎಲ್ಲರೂ 'ಅಕಲ್ಟ್' (ಮರೆಯಲ್ಲಿರುವ ಪೊರೆ) ಅಂತ ಬರೆದು ಬಿಟ್ಟಿದ್ದು ಅದನ್ನೇ. ಪಕ್ಕದ ಐಸಿಜಿ ಚಾನೆಲ್‌ನಲ್ಲಿ ಮೂರನೇ ನಿಮಿಷದ ಹೊತ್ತಿಗೆ ಜಾಲದ ಅಂಚಿನಲ್ಲಿ ದ್ರಾಕ್ಷಿ ಗೊಂಚಲಿನಂತೆ ನಾಲ್ಕು ಉರುಟು ಹೊಳಪು ಮೂಡಿದವು. ಪಾಲಿಪ್, ಅಂದರೆ ರಕ್ತನಾಳದ ಉಬ್ಬು! ಪಿಡಿಟಿ (ನರಕ್ಕೆ ಔಷಧಿ ಕೊಟ್ಟು ಕಣ್ಣಿಗೆ ಲೇಸರ್ ಬಿಡುವ ಚಿಕಿತ್ಸೆ) ಸೇರಿಸಿದೆವು. ಸುಮಾರು ಮೂರು ತಿಂಗಳಿಗೆ ನೀರು ಇಂಗಿತು, ಅವರು ಚಾರ್ಟ್‌ನಲ್ಲಿ ಎರಡು ಸಾಲು ಹೆಚ್ಚು ಓದಿದರು.