ಕೊಲೆಸ್ಟ್ರಾಲ್ ಮಾತ್ರೆ ನುಂಗುವವರು ಕುಡಿಯಬಹುದೇ? ಎಷ್ಟು, ಹೇಗೆ, ಯಾರು ಮುಟ್ಟಲೇಬಾರದು

ಸಂಜೆ ಕುಡಿಯುವುದಿದೆ ಎಂದು ಅಂದಿನ ಮಾತ್ರೆಯನ್ನು ಬಿಟ್ಟುಬಿಡುವವರಿದ್ದಾರೆ. ಮಾತ್ರೆಗೂ ಗ್ಲಾಸಿಗೂ ನಡುವೆ ಮೂರು ಗಂಟೆ ಅಂತರ ಇಟ್ಟರೆ ಸಾಕು ಎಂದುಕೊಂಡವರೂ ಇದ್ದಾರೆ. ಎರಡರಿಂದಲೂ ಪ್ರಯೋಜನವಿಲ್ಲ. ಕೊಲೆಸ್ಟ್ರಾಲ್ ಇಳಿಸುವ ಔಷಧವಾದ ಅಟೊರ್ವಾಸ್ಟಾಟಿನ್ ಪ್ರಮಾಣ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 14 ಗಂಟೆ ಬೇಕು, ರೋಸುವಾಸ್ಟಾಟಿನ್‌ಗೆ ಸುಮಾರು 19 ಗಂಟೆ. ಅಂದರೆ ಬೆಳಿಗ್ಗೆ ನುಂಗಿದ್ದು ರಾತ್ರಿಯೂ ಮೈಯಲ್ಲಿರುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಗಡಿಯಾರವಲ್ಲ, ಒಟ್ಟು ಎಷ್ಟು ಕುಡಿಯುತ್ತೀರಿ ಮತ್ತು ನಿಮ್ಮ ಲಿವರ್ ಹೇಗಿದೆ ಎಂಬುದು.

ಮೊದಲು ಮಾತ್ರೆಯ ಪಟ್ಟಿಯ ಮೇಲಿರುವ ಔಷಧದ ಹೆಸರು ಓದಿ, ಬ್ರ್ಯಾಂಡ್ ಹೆಸರನ್ನಲ್ಲ. '-ಸ್ಟಾಟಿನ್' ಎಂದು ಮುಗಿದರೆ, ಲಿವರ್ ಆರೋಗ್ಯವಾಗಿರುವವರಿಗೆ ಮಿತ ಕುಡಿತ ಸಾಮಾನ್ಯವಾಗಿ ಅಡ್ಡಿಯಲ್ಲ. ಫೆನೊಫೈಬ್ರೇಟ್ ಎಂದಿದ್ದರೆ ಕತೆ ಬೇರೆ. ಅದನ್ನು ಹೆಚ್ಚಾಗಿ ಕೊಡುವುದೇ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಏರಿದವರಿಗೆ, ಮದ್ಯ ಅದೇ ಟ್ರೈಗ್ಲಿಸರೈಡನ್ನು ಮತ್ತೆ ಏರಿಸುತ್ತದೆ. ರಿಪೋರ್ಟಿನಲ್ಲಿ ಅದು 500 ಮಿ.ಗ್ರಾಂ/ಡೆ.ಲೀ. ದಾಟಿದ್ದರೆ ಒಂದು ಗುಟುಕೂ ಬೇಡ. 1000 ದಾಟಿದಾಗಲಂತೂ ಮೇದೋಜೀರಕ ಗ್ರಂಥಿಯ ಉರಿಯೂತದ ಭಯ ನಿಜವಾದದ್ದು, ಆಸ್ಪತ್ರೆ ಸೇರಬೇಕಾಗುತ್ತದೆ. ನಿಯಾಸಿನ್ ನುಂಗುವವರಿಗೆ ಮುಖ, ಕುತ್ತಿಗೆ ಕೆಂಪೇರಿ ಉರಿಯುವುದುಂಟು. ಆ ಹೊತ್ತಿಗೆ ಕುಡಿದರೆ ಉರಿ ಇನ್ನೂ ಜಾಸ್ತಿ. ಅಂತರ ಇಡುವುದಕ್ಕೆ ಅರ್ಥವಿರುವುದು ಇದೊಂದರಲ್ಲಿ ಮಾತ್ರ. ಬೆಂಪೆಡೊಯಿಕ್ ಆಮ್ಲ ಯೂರಿಕ್ ಆಮ್ಲವನ್ನು ಏರಿಸುತ್ತದೆ. ಮದ್ಯದ, ಅದರಲ್ಲೂ ಬಿಯರಿನ ಕೆಲಸವೂ ಅದೇ. ಗೌಟ್ (ಯೂರಿಕ್ ಆಮ್ಲದಿಂದ ಕೀಲು ಊದಿ ನೋಯುವ ರೋಗ) ಇರುವವರು ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳದಿರುವುದು ವಾಸಿ.

ಇನ್ನು ಅಳತೆ. ಹೆಚ್ಚಿನವರು ಎಡವುವುದು ಇಲ್ಲೇ, 'ಎರಡೇ ಗ್ಲಾಸು' ಎಂಬ ಮಾತಿನಲ್ಲಿ. ಗ್ಲಾಸನ್ನು ಬಿಟ್ಟು ಗ್ರಾಂ ಲೆಕ್ಕ ಹಾಕಿ: ಮಿಲಿಲೀಟರ್ × ಶೇಕಡಾವಾರು × 0.789 ÷ 100. ಶೇ. 40ರ ವಿಸ್ಕಿ 60 ಮಿ.ಲೀ. ಎಂದರೆ ಸುಮಾರು 19 ಗ್ರಾಂ ಆಲ್ಕೋಹಾಲ್. ಶೇ. 12ರ ವೈನ್ 150 ಮಿ.ಲೀ.ನಲ್ಲಿ ಸುಮಾರು 14 ಗ್ರಾಂ. ಶೇ. 5ರ ಬಿಯರ್ 330 ಮಿ.ಲೀ.ನಲ್ಲಿ 13 ಗ್ರಾಂ, ಆದರೆ ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿ ಒಂದರಲ್ಲೇ 41 ಗ್ರಾಂ! 'ಬಿಯರ್ ತಾನೇ' ಎನ್ನುವವರು ಇದನ್ನು ಇನ್ನೊಮ್ಮೆ ಓದಲಿ. ಬ್ರಿಟನ್ನಿನ ಮಾರ್ಗಸೂಚಿ ವಾರಕ್ಕೆ 14 ಯೂನಿಟ್, ಅಂದರೆ ಸುಮಾರು 112 ಗ್ರಾಂ ಮೀರಬೇಡಿ, ಅದನ್ನೂ ಹಲವು ದಿನಗಳಿಗೆ ಹಂಚಿಕೊಳ್ಳಿ ಎನ್ನುತ್ತದೆ. ಇದು ಮೇಲ್ಮಿತಿ, ಮುಟ್ಟಲೇಬೇಕಾದ ಗುರಿಯಲ್ಲ. ವಾರದ್ದನ್ನೆಲ್ಲ ಶನಿವಾರವೇ ಮುಗಿಸುವುದು ಅತಿ ಕೆಟ್ಟ ದಾರಿ: ವಿಪರೀತ ಕುಡಿತ ತಾನೇ ಸ್ನಾಯುಗಳನ್ನು ಹಾಳುಮಾಡಬಲ್ಲದು, ಸ್ಟಾಟಿನ್ ಕೂಡ ಅಪರೂಪಕ್ಕೆ ಅದನ್ನೇ ಮಾಡುತ್ತದೆ. ಮರುದಿನ ಮೈ ನೋಯುವಾಗ ಕಾರಣ ಯಾವುದೆಂದು ಹೇಳುವುದೂ ಕಷ್ಟ.

ಬೆರೆಸುವುದರ ಮೇಲೂ ಕಣ್ಣಿರಲಿ. ಗ್ರೇಪ್‌ಫ್ರೂಟ್ ರಸ ಸಿಮ್ವಾಸ್ಟಾಟಿನ್ ಮತ್ತು ಅಟೊರ್ವಾಸ್ಟಾಟಿನ್‌ಗಳನ್ನು ಒಡೆಯುವ ಕರುಳಿನ ಕಿಣ್ವವನ್ನು ತಡೆಯುತ್ತದೆ, ಆಗ ರಕ್ತದಲ್ಲಿ ಔಷಧದ ಪ್ರಮಾಣ ಏರುತ್ತದೆ. ರೋಸುವಾಸ್ಟಾಟಿನ್, ಪ್ರವಾಸ್ಟಾಟಿನ್‌ಗಳಿಗೆ ಈ ತೊಂದರೆ ಇಲ್ಲವೆನ್ನಬಹುದು. ತಲೆನೋವಿಗೆಂದು ರಾತ್ರಿಯೇ ಪ್ಯಾರಾಸಿಟಮಾಲ್ ಮೇಲೆ ಪ್ಯಾರಾಸಿಟಮಾಲ್ ನುಂಗಬೇಡಿ, ಹೊರೆ ಹೊರಬೇಕಾದ್ದು ಅದೇ ಲಿವರ್.

ಅಮಲಿನಲ್ಲಿ ಮಾತ್ರೆ ಮರೆತು ಬೆಳಿಗ್ಗೆ ನೆನಪಾಯಿತೇ? ಅಟೊರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಆದರೆ ಮುಂದಿನ ಮಾತ್ರೆಗೆ 12 ಗಂಟೆಗಿಂತ ಹೆಚ್ಚು ಸಮಯವಿದ್ದಾಗ ನುಂಗಿ, ಇಲ್ಲದಿದ್ದರೆ ಬಿಟ್ಟುಬಿಡಿ. ಎರಡು ಒಟ್ಟಿಗೆ ಎಂದೂ ಬೇಡ.

ಲಿಪಿಡ್ ಪರೀಕ್ಷೆಗೆ ರಕ್ತ ಕೊಡುವ ಮುಂಚೆ ಕನಿಷ್ಠ 24 ಗಂಟೆ ಕುಡಿಯಬೇಡಿ. ಇಲ್ಲದಿದ್ದರೆ ಟ್ರೈಗ್ಲಿಸರೈಡ್ ಸುಳ್ಳೇ ಏರಿ ತೋರಿಸಿ, ಬೇಡದ ಔಷಧವೊಂದು ಚೀಟಿಗೆ ಸೇರಬಹುದು. ಲಿವರ್ ಪರೀಕ್ಷೆಯಲ್ಲಿ ಅಳೆಯುವ ಕಿಣ್ವಗಳಾದ ಎಎಲ್‌ಟಿ ಅಥವಾ ಎಎಸ್‌ಟಿ ಸಾಮಾನ್ಯ ಮೇಲ್ಮಿತಿಯ ಮೂರು ಪಟ್ಟು ದಾಟಿ ಅಲ್ಲೇ ನಿಂತರೆ ವೈದ್ಯರು ಸ್ಟಾಟಿನ್ ಕಡಿಮೆ ಮಾಡಬಹುದು ಇಲ್ಲವೇ ನಿಲ್ಲಿಸಬಹುದು. ಎಎಸ್‌ಟಿಯು ಎಎಲ್‌ಟಿಯ ಎರಡು ಪಟ್ಟಿಗಿಂತ ಹೆಚ್ಚಿದ್ದರೆ, ಇನ್ನೊಂದು ಲಿವರ್ ಕಿಣ್ವವಾದ ಜಿಜಿಟಿಯೂ ಏರಿದ್ದರೆ, ಅನುಮಾನ ಮಾತ್ರೆಗಿಂತ ಮೊದಲು ಬಾಟಲಿಯ ಮೇಲೆ. ಎಷ್ಟು ಕುಡಿಯುತ್ತೀರಿ ಎಂದು ವೈದ್ಯರು ಕೇಳಿದಾಗ ಅರ್ಧ ಹೇಳಿದರೆ, ಒಳ್ಳೆಯ ಔಷಧವೊಂದು ಸುಮ್ಮನೆ ಕೈತಪ್ಪುತ್ತದೆ.

ಹೆಪಟೈಟಿಸ್, ಸಿರೋಸಿಸ್, ಹಿಂದೆ ಮೇದೋಜೀರಕದ ಉರಿಯೂತ ಆದವರು, ಗರ್ಭಿಣಿಯರು, ಕುಡಿತಕ್ಕೆ ಅಂಟಿಕೊಂಡವರು: ಇವರಿಗೆ ಮೇಲಿನ ಯಾವ ಲೆಕ್ಕವೂ ಅನ್ವಯಿಸದು, ಕುಡಿತವನ್ನು ಪೂರ್ತಿ ಬಿಡಬೇಕು. ದಿನವೂ ಹೆಚ್ಚು ಕುಡಿಯುತ್ತಿದ್ದವರು ಮಾತ್ರ ಏಕಾಏಕಿ ನಿಲ್ಲಿಸದೆ ವೈದ್ಯರ ನೆರವಿನಲ್ಲೇ ಬಿಡಲಿ, ಹಠಾತ್ತನೆ ಬಿಟ್ಟರೆ ಫಿಟ್ಸ್ ಬರುವುದುಂಟು.

ತೊಡೆ, ಭುಜಗಳಲ್ಲಿ ವಿನಾಕಾರಣ ನೋವು, ನಿಶ್ಶಕ್ತಿ, ಕಡು ಚಹಾ ಬಣ್ಣದ ಮೂತ್ರ, ಕಣ್ಣು ಹಳದಿಯಾಗುವುದು, ಬೆನ್ನಿಗೆ ಹಾಯುವ ತೀವ್ರ ಹೊಟ್ಟೆನೋವು: ಇವುಗಳಲ್ಲಿ ಒಂದು ಕಂಡರೂ ಕುಡಿತ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ, ಮಾತ್ರೆಯ ಪಟ್ಟಿ ಜೊತೆಗಿರಲಿ.